ನೀರಿನ ಸಾಲಿನ ಖಾಲಿ ಚೌಕ

ಹಲ್ಲುಜ್ಜುವಾಗಲೇ ಅವನಿಗೆ ಏನನ್ನೋ ಮರೆತಿದ್ದೇನೆ ಅನ್ನಿಸಿತು. ವ್ಯಾನಿನ ಬಾಗಿಲು ಹಾಕಿದ್ದೆನೇ, ಶೆಡ್ಡಿನ ಸ್ವಿಚ್ಚು ಆರಿಸಿದ್ದೆನೇ, ಯಾರಿಗಾದರೂ ಬರುತ್ತೇನೆ ಎಂದು ಹೇಳಿ ಹೋಗದೆ ಉಳಿದೆನೇ ಎಂದು ಒಂದೊಂದನ್ನೇ ತಡಕಿ ನೋಡಿದ. ಯಾವುದೂ ಅಲ್ಲ. ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ, ಇದೆ ಎಂಬುದು ಗೊತ್ತು, ಎಲ್ಲಿ ಎಂಬುದು ಗೊತ್ತಿಲ್ಲ. ಭಾನುವಾರ. ಇಪ್ಪತ್ತಾರು ವರ್ಷಗಳಿಂದ ಅವನದು ಬೆಂಕಿ ಆರಿಸುವ ಸಿಲಿಂಡರುಗಳನ್ನು ತುಂಬಿಸಿ, ತೂಗಿ, ಕಾರ್ಖಾನೆ ಕಚೇರಿಗಳ ಗೋಡೆಗೆ ನೇತುಹಾಕಿ ಬರುವ ಕೆಲಸ. ಯಾವ ಕೋಣೆಗೆ ಕಾಲಿಟ್ಟರೂ ಇದು ಎಲ್ಲಿಂದ ಹತ್ತಿಕೊಂಡೀತು ಎಂಬ ಕಡೆಗೇ ಮೊದಲು ಕಣ್ಣು ಹೋಗುತ್ತದೆ. ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಮಗುವಿನ ಮುಖ ನೋಡುವುದಕ್ಕೆ ಮುಂಚೆ ಗೋಡೆಯ ಸಿಲಿಂಡರಿನ ಒತ್ತಡದ ಮುಳ್ಳು ಹಸಿರಿನಲ್ಲಿದೆಯೇ ಎಂದು ಬಗ್ಗಿ ನೋಡಿದ್ದನ್ನು ಹೆಂಡತಿ ಇವತ್ತಿಗೂ ನೆಂಟರ ಮುಂದೆ ಹೇಳಿ ನಗುತ್ತಾಳೆ. ಅಂಥವನು ಮರೆಯುವುದೆಂದರೇನು? ಬಾಯಿ ಮುಕ್ಕಳಿಸಿ ಉಗಿದ. ಕನ್ನಡಿಯಲ್ಲಿದ್ದವನು ಯಾರನ್ನೋ ಬೈಯಲು ಸಿದ್ಧನಾದವನಂತೆ ಕಂಡ. ಬೈಯಲು ಯಾರೂ ಇರಲಿಲ್ಲ.

ಅಡುಗೆಮನೆಯಲ್ಲಿ ಮಗಳು ಆಗಲೇ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಿಟ್ಟುಕೊಂಡು ಕೂತಿದ್ದಳು. ಇಪ್ಪತ್ತಮೂರು ವರ್ಷದವಳು, ವಾರದ ಆರು ದಿನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾಳೆ. ಉಳಿದ ಹೊತ್ತೆಲ್ಲ ಅವಳಿಗೆ ಈ ಆಟ. ಲೋಕವೆಲ್ಲ ಆಡುವ ಒಂದು ದೊಡ್ಡ ಆಟವಿದೆಯಂತೆ, ಅದರಲ್ಲಿ ಚಿತ್ರವಿಚಿತ್ರ ಪ್ರಾಣಿಗಳನ್ನು ಹಿಡಿದು ಪಳಗಿಸಿ ಒಂದರ ಮೇಲೊಂದನ್ನು ಬಿಟ್ಟು ಕಾದಾಡಿಸುವುದಂತೆ. ಆ ಆಟದ ಮೇಲೆ ಹುಚ್ಚು ಹಿಡಿದವರು ಅದರ ಧಾಟಿಯಲ್ಲೇ ತಮ್ಮದೊಂದು ಆಟವನ್ನು, ಯಾರೂ ಕೇಳದಿದ್ದರೂ, ಬಿಡುವಿನಲ್ಲಿ ಕಟ್ಟುತ್ತಾರಂತೆ. ಇವಳೂ, ಇವಳು ಮುಖ ಕಾಣದ ಇನ್ನೂ ನಾಲ್ವರೂ ಸೇರಿ ಒಂದೂವರೆ ವರ್ಷದಿಂದ ಕಟ್ಟುತ್ತಿದ್ದಾರೆ. ಇವಳ ಪಾಲಿಗೆ ಬಂದದ್ದು ಗುಣಗಳ ಪಟ್ಟಿ. ಪ್ರತಿ ಪ್ರಾಣಿಗೂ ಒಂದು ಗುಣ: ಬೆಂಕಿ, ನೀರು, ಗಿಡ, ಕಲ್ಲು, ಗಾಳಿ, ಹೀಗೆ ಹನ್ನೊಂದು. ಯಾವ ಗುಣ ಯಾವುದನ್ನು ಹೊಡೆದರೆ ಪೆಟ್ಟು ಇಮ್ಮಡಿ, ಯಾವುದಕ್ಕೆ ಅರ್ಧ, ಯಾವುದಕ್ಕೆ ಸೊನ್ನೆ ಎಂದು ಬರೆದ ದೊಡ್ಡ ಹಾಳೆ ಅಡುಗೆಮನೆಯ ಗೋಡೆಯ ಮೇಲಿತ್ತು. ಎಡಗಡೆ ಹೊಡೆಯುವವರು, ಮೇಲ್ಗಡೆ ಹೊಡೆಸಿಕೊಳ್ಳುವವರು. ನೂರಿಪ್ಪತ್ತೊಂದು ಚೌಕ. ದಿನಾ ಅದರ ಮುಂದೆ ನಿಂತೇ ಅವನು ಕಾಫಿ ಕುಡಿಯುತ್ತಿದ್ದ, ಓದಿರಲಿಲ್ಲ. ಒಲೆಗೆ ಎಷ್ಟು ಹತ್ತಿರ ಅಂಟಿಸಿದ್ದಾಳೆ ಎಂಬುದಷ್ಟೇ ಕಣ್ಣಿಗೆ ಬೀಳುತ್ತಿತ್ತು.

"ಅಪ್ಪ, ಒಂದೇ ಒಂದು ಆಟ ಆಡು. ಹೊಸಬರು ಆಡಿದ್ರೆ ಎಲ್ಲಿ ಎಡವ್ತಾರೆ ಅಂತ ನೋಡ್ಬೇಕು."

"ಎಡವೋದಕ್ಕೆ ನಾನೇ ಬೇಕಾಗಿತ್ತಾ?"

"ನಿನಗಿಂತ ಹೊಸಬ್ರು ಎಲ್ಲಿ ಸಿಗ್ತಾರೆ, ಮೊನ್ನೆ ಟಿವಿ ರಿಮೋಟ್ ಹಿಡ್ಕೊಂಡು ಫ್ಯಾನ್ ಹಾಕೋಕೆ ಹೋಗಿದ್ದೆ."

"ಅವರಿಗೆ ಯಾವ ಗುಣ ಕೊಟ್ಟಿದೀಯೇ?" ಎಂದು ಹೆಂಡತಿ ಒಲೆಯ ಕಡೆಯಿಂದಲೇ ಕೇಳಿದಳು. "ಏನು ಕೊಟ್ರೂ ಅಷ್ಟೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ."

ಮಗಳು ನಕ್ಕಳು. ಅವನೂ ನಗಬೇಕೆಂದುಕೊಂಡ. ತಿಂಗಳ ಹಿಂದೆ ಇದೇ ಮೇಜಿನ ಹತ್ತಿರ ಅವಳು ಕೇಳಿದ್ದಳು, ಅಪ್ಪ, ನೀರು ಬೆಂಕೀನ ಗೆಲ್ಲುತ್ತೆ ತಾನೆ, ಇಮ್ಮಡಿ ಹಾಕ್ಲಾ ಎಂದು. ಆಗ ಅವನಿಗೆ ಉತ್ಸಾಹ ಬಂದುಬಿಟ್ಟಿತ್ತು. ಯಾವ ದಡ್ಡ ಹೇಳ್ದ ಗೆಲ್ಲುತ್ತೆ ಅಂತ? ಕಟ್ಟಿಗೆ ಬೆಂಕಿಗೆ ನೀರು ಸರಿ, ಎಣ್ಣೆ ಬೆಂಕಿಗೆ ನೀರು ಹಾಕಿದ್ಯೋ ಮನೆಯೇ ಹೋಯ್ತು, ಲೋಹದ ಬೆಂಕಿ ಕಥೆಯೇ ಬೇರೆ ಎಂದು ಅರ್ಧ ಗಂಟೆ ಹೇಳಿದ್ದ. ಅವಳು ಅದನ್ನೆಲ್ಲ ಆ ನಾಲ್ವರಿಗೆ ಹೇಳಿ, ಅವರು ಕುಣಿದಾಡಿ, ಯಾವ ಆಟದಲ್ಲೂ ಇಲ್ಲದ ಉರಿಲೋಹ ಎಂಬ ಗುಣವನ್ನೇ ಸೇರಿಸಿದ್ದರು. ಅವರ ನಡುವೆ ಅವನ ಹೆಸರು ಬೆಂಕಿ ಅಂಕಲ್ ಅಂತೆ. ಕೇಳಿ ಒಳಗೊಳಗೇ ಹಿಗ್ಗಿದ್ದ. ಎರಡು ದಿನ ಬಿಟ್ಟು ಅವಳು ಇನ್ನೊಂದು ಸಲ ಬಂದಿದ್ದಳು, ಹಾಗಾದ್ರೆ ಉರಿಲೋಹದ ಮೇಲೆ ನೀರು ಬಿದ್ರೆ ಎಷ್ಟು ಹಾಕ್ಲಿ ಅಪ್ಪ ಎಂದು. ಅವತ್ತು ಯಾವನ ಮೇಲಿನ ಸಿಟ್ಟೋ, ಒಂದು ಸಲ ಹೇಳಿದ್ದು ತಲೆಗೆ ಹೋಗಲ್ವಾ, ಗಾಜು ಉಜ್ಜಿ ಉಜ್ಜಿ ಮಿದುಳೂ ಸವೆದುಹೋಯ್ತಾ ಅಂದಿದ್ದ. ಅವಳು ಪೆನ್ನಿನ ಮುಚ್ಚಳ ಹಾಕಿಕೊಂಡು ಎದ್ದು ಹೋಗಿದ್ದಳು. ಆ ಮುಚ್ಚಳದ ಟಕ್ ಎಂಬ ಸದ್ದು ಈಗ ಯಾಕೆ ನೆನಪಾಗಬೇಕು.

ಆಡಲು ಕೂತ. ಪರದೆಯ ಒಂದು ಕಡೆ ಅವನ ಪ್ರಾಣಿ, ಇನ್ನೊಂದು ಕಡೆ ಎದುರಾಳಿಯದು. ಅವನು ಗುಂಡಿ ಒತ್ತುವ ತನಕ ಎರಡೂ ಉಸಿರಾಡುತ್ತ ಕಾಯುತ್ತಿದ್ದವು. ಮೊದಲು ಬಿಟ್ಟ ಕೆಂಡೂರ ಎಂಬ ಕೋಳಿ ಎರಡೇ ಏಟಿಗೆ ಮಲಗಿತು. ಮುಳ್ಳುಗಿಡದ ಬೆನ್ನಿನ ಆಮೆಯೂ ಮಲಗಿತು. ಉಳಿದದ್ದು ಹೊಂಡಪ್ಪ ಒಬ್ಬನೇ. ಹಸಿರು ಹೊಟ್ಟೆಯ ದಪ್ಪ ಕಪ್ಪೆ, ನೀರಿನ ಗುಣದ್ದು. ಅವನಿಗೆ ಅದರ ಮೇಲೆ ಕರುಣೆ ಹುಟ್ಟಿತು. ಎದುರಿಗೆ ಬಂದದ್ದು ಬೆಳ್ಳುರಿ, ಉರಿಲೋಹದ ಗುಣದ್ದು, ಮೈತುಂಬ ಹೆರೆದ ಲೋಹದ ಬಿಳಿ ಹೆರೆಗಳೇ ಇರುವ ಹಲ್ಲಿ. ಹೆರೆಗಳು ಸುರುಳಿ ಸುರುಳಿಯಾಗಿ ಉದುರುತ್ತ, ನೆಲ ಮುಟ್ಟುವ ಮೊದಲೇ ಬೆಳ್ಳಗೆ ಹೊತ್ತಿಕೊಳ್ಳುತ್ತಿದ್ದವು. ಚೆನ್ನಾಗಿ ಬರೆದಿದ್ದಾರೆ, ಸರಿಯಾಗಿ ಹೀಗೇ ಉದುರುವುದು ಎಂದುಕೊಂಡ. ಎಲ್ಲಿ ನೋಡಿದ್ದೆ ಎಂದೂ ಅಂದುಕೊಂಡ. ಹೊಂಡಪ್ಪನ ಹತ್ತಿರ ಇದ್ದದ್ದು ನೀರುಬಾಣ ಮಾತ್ರ. ಒತ್ತಿದ. ಕಪ್ಪೆ ಕೆನ್ನೆಯುಬ್ಬಿಸಿ ನೀರು ಚಿಮ್ಮಿಸಿತು. ಹಲ್ಲಿ ಸ್ವಲ್ಪ ನಡುಗಿ ಸುಮ್ಮನಾಯಿತು. ಪರದೆಯ ಮೇಲೆ ‘ಸಾಧಾರಣ ಪೆಟ್ಟು’ ಎಂದು ಬಂತು.

"ತಪ್ಪು!" ಎಂದು ಅವನು ಮೇಜು ಕುಟ್ಟಿದ. ಲೋಟ ಹಾರಿತು. "ಸಾಧಾರಣ ಅಂತೆ ಸಾಧಾರಣ! ಯಾರು ಬರೆದಿದ್ದು ಇದನ್ನ?"

"ಬರೆದಿಲ್ಲ ಅಪ್ಪ. ಆ ಚೌಕ ಖಾಲಿ ಇದೆ. ಖಾಲಿ ಬಿಟ್ರೆ ಕಂಪ್ಯೂಟರು ಸಾಧಾರಣ ಅಂತ ತಗೊಳುತ್ತೆ."

"ಖಾಲಿ ಯಾಕೆ ಬಿಟ್ಟೆ?"

"ನಿನ್ನ ಕೇಳಿದ್ದೆ."

"ಇನ್ನೊಂದು ಸಲ ಕೇಳೋಕೆ ಏನಾಗಿತ್ತು?"

ಮಗಳು ಅವನ ಕಡೆ ನೋಡದೆ ಅಮ್ಮನ ಕಡೆ ನೋಡಿದಳು. ಅಮ್ಮ ಒಲೆಯ ಕಡೆ ತಿರುಗಿಕೊಂಡಳು. ಅವನು ಗೋಡೆಯ ಹಾಳೆಯತ್ತ ಬೆರಳು ಮಾಡಿದ. ನೀರಿನ ಸಾಲಿನಲ್ಲಿ ಬೆರಳು ಸರಿಸುತ್ತ ಹೋದರೆ ಎಲ್ಲ ತುಂಬಿದೆ, ಕೊನೆಗೊಂದು ಬಿಳಿ ಚೌಕ. "ಬರ್ಕೊ," ಅಂದ. "ಬೆಳ್ಳಗೆ ಉರಿಯೋ ಲೋಹಕ್ಕೆ ನೀರು ಬಿಟ್ರೆ ಅದು ಆರಲ್ಲ. ನೀರನ್ನೇ ಒಡೆದು ಅದರಿಂದ ಗ್ಯಾಸ್ ಮಾಡ್ಕೊಂಡು ಸಿಡಿಯುತ್ತೆ. ಅದಕ್ಕೆ ಪೆಟ್ಟೇ ಇಲ್ಲ. ಪೆಟ್ಟು ಬೀಳೋದು ನೀರು ಬಿಟ್ಟವರಿಗೆ. ಕೈಯಲ್ಲಿ ಸಿಲಿಂಡರ್ ಹಿಡ್ಕೊಂಡು ಎದುರಿಗೆ ನಿಂತಿರ್ತಾರಲ್ಲ, ಅವರ ಮುಖಕ್ಕೆ..." ಮಾತು ಅಲ್ಲಿಗೇ ನಿಂತಿತು. ಬೆರಳು ಖಾಲಿ ಚೌಕದ ಮೇಲೆಯೇ ಇತ್ತು. ಅದೇ ಬೆರಳು ಶುಕ್ರವಾರ ಒಂದು ಕೊಕ್ಕೆಗೆ ಒಂದು ಸಿಲಿಂಡರು ಸಿಕ್ಕಿಸುತ್ತಿರುವುದು ಕಂಡಿತು.

ಪಕ್ಕದಲ್ಲಿ ಯಂತ್ರ. ಯಂತ್ರದ ಕೆಳಗೆ ತಟ್ಟೆ. ತಟ್ಟೆಯಲ್ಲಿ ಬಿಳಿ ಹೆರೆ. ಶುಕ್ರವಾರ ಲೋಹ ಕಡೆಯುವ ಒಂದು ಲೇತ್ ಕಾರ್ಖಾನೆಯಲ್ಲಿ ಹನ್ನೆರಡು ಸಿಲಿಂಡರು ತಪಾಸಣೆ. ಅವನ ಕಸುಬಿನಲ್ಲಿ ಒಂದು ನೇಮವಿದೆ: ತುಂಬಿಸಲು ಒಂದನ್ನು ಕೆಳಗಿಳಿಸಿದರೆ ಗೋಡೆಯನ್ನು ಬರಿದು ಬಿಡಬಾರದು, ಆ ಕೊಕ್ಕೆಗೆ ಬದಲಿ ಹಾಕಿಯೇ ಹೋಗಬೇಕು. ನಾಲ್ಕನೇ ಯಂತ್ರದ ಪಕ್ಕದ್ದು ಲೋಹದ ಬೆಂಕಿಗೆಂದೇ ಇರುವ ಪುಡಿಯ ಸಿಲಿಂಡರು, ಏಕೆಂದರೆ ಅಲ್ಲಿ ಕಡೆಯುವುದು ಮೆಗ್ನೀಷಿಯಂ. ಅದನ್ನು ಇಳಿಸಿದ. ವ್ಯಾನಿನಲ್ಲಿ ಉಳಿದಿದ್ದ ಬದಲಿ ನೀರಿನದು ಒಂದೇ. ಎಲ್ಲದರ ಮೈಯೂ ಒಂದೇ ಕೆಂಪು, ಚೀಟಿ ಮಾತ್ರ ಬೇರೆ. ಹತ್ತು ನಿಮಿಷ ಕೊಕ್ಕೆ ಬರಿದಾಗದಿರಲಿ, ಶೆಡ್ಡಿಗೆ ಹೋಗಿ ಸರಿಯಾದದ್ದು ತರೋಣ ಎಂದು ಸಿಕ್ಕಿಸಿದ. ಅಭ್ಯಾಸಬಲದಿಂದ ‘ಸರಿ ಇದೆ’ ಎಂಬ ಚೀಟಿ ಕಟ್ಟಿ ಸಹಿಯನ್ನೂ ಹಾಕಿದ. ಅಷ್ಟರಲ್ಲಿ ಮೇಸ್ತ್ರಿ ಬಂದು, ಏನ್ರೀ, ವ್ಯಾನು ದಾರಿಗೆ ಅಡ್ಡ ನಿಲ್ಲಿಸಿದೀರಲ್ಲ, ಗ್ಯಾಸ್ ತುಂಬೋರಿಗೆ ಇಷ್ಟು ಗತ್ತಾ ಅಂದ. ಗ್ಯಾಸ್ ತುಂಬೋರು! ಆಮೇಲೆ ಇಬ್ಬರೂ ಏನೇನು ಅಂದರೋ, ಅವನು ಬಾಗಿಲು ಬಡಿದು ಹೊರಟುಬಿಟ್ಟಿದ್ದ. ಶನಿವಾರವೆಲ್ಲ ಮನಸ್ಸಿನಲ್ಲಿ ಮೇಸ್ತ್ರಿಗೆ ಕೊಡಬೇಕಾಗಿದ್ದ ಉತ್ತರಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕಳೆದಿದ್ದ. ಒಂದಕ್ಕಿಂತ ಒಂದು ಚೆನ್ನಾಗಿದ್ದವು.

"ಏನಾಯ್ತಪ್ಪ?"

ಕಾರ್ಖಾನೆಗೆ ಹೋಗ್ಬೇಕು ಅನ್ನುತ್ತ ಅಲ್ಲಿನ ಕಚೇರಿಗೆ ಫೋನು ಹಚ್ಚಿದ. ರಿಂಗಾಗಿ ರಿಂಗಾಗಿ ನಿಂತಿತು. ಮೇಸ್ತ್ರಿಯ ನಂಬರು ಹುಡುಕಿದ. ಇರಲಿಲ್ಲ. ಶುಕ್ರವಾರ ವ್ಯಾನಿನಲ್ಲಿ ಕೂತ ಕೂಡಲೇ, ಇವನ ನಂಬರ್ ಯಾವನಿಗೆ ಬೇಕು ಎಂದು ತಾನೇ ಅಳಿಸಿದ್ದು ನೆನಪಾಯಿತು. ಹೆಂಡತಿ ಕೈ ಒರೆಸಿಕೊಳ್ಳುತ್ತ, "ಭಾನುವಾರ ಯಾರಿರ್ತಾರೆ ಅಲ್ಲಿ, ನಾಳೆ ಹೋದ್ರಾಯ್ತು ಬಿಡಿ," ಅಂದಳು. ಇರುತ್ತಾರೆ. ಗೇಟಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು, ಭಾನುವಾರವೂ ಎರಡು ಗಂಟೆಯ ತನಕ ಕೆಲಸ ಎಂದು. ಮೊಂಡಾದ ಉಳಿ ಒಂದು ಸಲ ಕಿರುಗುಟ್ಟಿದರೆ ಸಾಕು, ಹೆರೆ ಹೊತ್ತಿಕೊಳ್ಳುತ್ತದೆ. ಅಂಗಿಯ ಗುಂಡಿ ಹಾಕುತ್ತ ಶೆಡ್ಡಿಗೆ ಓಡಿದ. ತುಂಬಿಸಿ ತೂಗಿದ ಪುಡಿಯ ಸಿಲಿಂಡರು ಮೂಲೆಯಲ್ಲಿ ನಿಂತಿತ್ತು. ಎರಡು ದಿನದಿಂದ ಅದರ ಪಕ್ಕದಲ್ಲೇ ಓಡಾಡಿದ್ದ, ಎರಡು ದಿನವೂ ಅದು ಅವನನ್ನೇ ನೋಡುತ್ತ ನಿಂತಿತ್ತು.

ಅದನ್ನು ಪಕ್ಕದ ಸೀಟಿಗೆ ಹಾಕಿ ವ್ಯಾನು ಹೊರಡಿಸಿದ. ಮೊದಲ ಸಿಗ್ನಲ್ಲಿನಲ್ಲಿ ಕೆಂಪು. ಮಗಳ ಆಟದಲ್ಲಿ ಹೊಂಡಪ್ಪ ಇನ್ನೂ ಕೆನ್ನೆಯಾಡಿಸುತ್ತ ಕೂತಿರುತ್ತಾನೆ, ಎದುರಿಗೆ ಬೆಳ್ಳುರಿ ಕೂತಿರುತ್ತದೆ. ನೀನು ಒತ್ತುವವರೆಗೆ ಏನೂ ಆಗುವುದಿಲ್ಲ ಎಂಬ ಮಾತು ಕೊಟ್ಟ ಲೋಕ ಅದು. ಇಲ್ಲಿ ಯಾರು ಮಾತು ಕೊಟ್ಟಿದ್ದಾರೆ? ನಾಲ್ಕನೇ ಯಂತ್ರದಲ್ಲಿ ಒಬ್ಬ ಹೆಂಗಸು. ದಪ್ಪ ಕನ್ನಡಕ, ಮೊಣಕೈತನಕ ತೋಳಿನ ನೀಲಿ ಅಂಗಿ. ಕಳೆದ ವರ್ಷ ಕಾರ್ಖಾನೆಯ ಅಂಗಳದಲ್ಲಿ ಅವನದೇ ತರಬೇತಿ. ಡಬ್ಬಿಯಲ್ಲಿ ಬೆಂಕಿ ಹಚ್ಚಿ, ಎರಡು ಸಿಲಿಂಡರು ಇಟ್ಟು, ಒಬ್ಬೊಬ್ಬರನ್ನೇ ಕರೆದು ಆರಿಸಿ ಅಂದಿದ್ದ. ಆ ಹೆಂಗಸು ಬಂದವಳು ಸಿಲಿಂಡರು ಎತ್ತದೆ, ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಚೀಟಿಯನ್ನು ಬೆರಳಿಟ್ಟು ಓದತೊಡಗಿದ್ದಳು. ಅವನಿಗೆ ರೇಗಿತ್ತು. "ಏನಮ್ಮ ಪಂಡಿತಮ್ಮ, ಪುರಾಣ ಓದ್ತಾ ಇದೀಯಾ? ಮುಗಿಸೋ ಹೊತ್ತಿಗೆ ನಿನ್ನ ಬೂದಿ ಗುಡಿಸ್ಬೇಕಾಗುತ್ತೆ! ಯೋಚನೆ ಮಾಡ್ಬೇಡಿ, ಓದ್ಬೇಡಿ, ಕೈಗೆ ಹತ್ರ ಇರೋದನ್ನ ಎತ್ತಿ, ಪಿನ್ ಕೀಳಿ, ಒತ್ತಿ. ಎಲ್ರೂ ಹೇಳಿ!" ನಲವತ್ತು ಜನ ಒಟ್ಟಿಗೆ ಹೇಳಿದ್ದರು. ಎತ್ತಿ, ಕೀಳಿ, ಒತ್ತಿ. ಅವಳೂ ಹೇಳಿದ್ದಳು, ಕಿವಿಯ ತುದಿಯವರೆಗೆ ಕೆಂಪಾಗಿ. ಆಮೇಲೆ ಕಾರ್ಖಾನೆಯಲ್ಲಿ ಅವಳಿಗೆ ಪಂಡಿತಮ್ಮ ಎಂದೇ ಹೆಸರು ನಿಂತಿತೆಂದು ಯಾರೋ ಹೇಳಿದಾಗ ಅವನು ಗಹಗಹಿಸಿ ನಕ್ಕಿದ್ದ. ಈಗ ಅವಳು ಕಲಿತಿದ್ದರೆ? ಒಳ್ಳೆಯ ವಿದ್ಯಾರ್ಥಿಯಾಗಿದ್ದರೆ? ಎತ್ತಿ, ಕೀಳಿ, ಒತ್ತಿ. ಎಲ್ಲೋ ಸೈರನ್ ಕೇಳಿಸಿತು. ಅದು ಆಂಬುಲೆನ್ಸು, ಬೇರೆ ಕಡೆಗೆ ತಿರುಗಿತು. ತಿರುಗಿದ್ದು ಕಾರ್ಖಾನೆಯ ಕಡೆಗೋ, ಕಾರ್ಖಾನೆಯಿಂದ ಆಸ್ಪತ್ರೆಯ ಕಡೆಗೋ ಎಂದು ಒಂದು ಕ್ಷಣ ಅವನಿಗೆ ದಿಕ್ಕೇ ತಿಳಿಯಲಿಲ್ಲ. ಹಿಂದಿನವನು ಹಾರನ್ ಹೊಡೆದ. ಬೇರೆ ದಿನವಾಗಿದ್ದರೆ ಇಳಿದು ಹೋಗಿ ಅವನ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದ.

ಗೇಟಿನಲ್ಲಿ ಕಾವಲುಗಾರ ಪುಸ್ತಕ ಮುಂದೆ ತಳ್ಳಿದ. "ಬರೀರಿ ಸಾರ್. ಮೊನ್ನೆ ನೀವು ಬರೀದೆ ಹೋದ್ರಿ ಅಂತ ನಂಗೆ ಮಂಗಳಾರತಿ ಆಯ್ತು."

"ಒಳಗೆ ಏನಾದ್ರೂ... ಏನಾದ್ರೂ ಆಯ್ತಾ ಬೆಳಗ್ಗೆ?"

"ಏನಾಗ್ಬೇಕು?"

"ನಾಲ್ಕನೇ ಯಂತ್ರ ನಡೀತಾ ಇದೆಯಾ?"

"ಮೊದ್ಲು ಬರೀರಿ ಸಾರ್."

ಹೆಸರು ಬರೆದ, ಸಮಯ ಬರೆದ. ‘ಬಂದ ಕಾರಣ’ ಎಂಬ ಮನೆಯ ಹತ್ತಿರ ಪೆನ್ನು ನಿಂತಿತು. ತಪಾಸಣೆ ಎಂದು ಗೀಚಿ ಒಳಗೆ ಓಡಬಹುದಿತ್ತು. ಕಾವಲುಗಾರ ಬಗ್ಗಿ ನೋಡುತ್ತಿದ್ದ. ‘ತಪ್ಪು ಸಿಲಿಂಡರು’ ಎಂದು ಬರೆದ. ಯಾರ ತಪ್ಪು ಎಂದು ಬರೆಯಲು ಆ ಮನೆಯಲ್ಲಿ ಜಾಗವಿರಲಿಲ್ಲ, ಪುಸ್ತಕ ಹಿಂದಕ್ಕೆ ತಳ್ಳಿ ನುಗ್ಗಿದ.

ಒಳಗೆ ಕಣ್ಣು ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳುವ ಮುಂಚೆಯೇ ಸದ್ದು ಕೇಳಿಸಿತು. ಯಂತ್ರ ತಿರುಗುತ್ತಿತ್ತು. ಅಂದರೆ ಇನ್ನೂ ಆಗಿಲ್ಲ, ಅಂದರೆ ಈಗ ಆಗಬಹುದು. ದೂರದಲ್ಲಿ ನೀಲಿ ಅಂಗಿಯ ಬೆನ್ನು ಕಂಡಿತು, ಅದರಾಚೆ ಕೊಕ್ಕೆಯಲ್ಲಿ ಕೆಂಪು ಸಿಲಿಂಡರು, ಅವನ ಸಹಿಯ ಚೀಟಿ ಫ್ಯಾನಿನ ಗಾಳಿಗೆ ಅಲುಗುತ್ತಿತ್ತು. ಕೂಗಬೇಕು. ಬಾಯಿ ತೆರೆದ. ಅವಳು ಬೆಚ್ಚಿ ಕೈ ಜಾರಿದರೆ? ಉಳಿ ಕಿರುಗುಟ್ಟಿದರೆ? ಹುಟ್ಟಿದಂದಿನಿಂದ ಕೂಗಿಯೇ ಮಾತಾಡಿದವನಿಗೆ ಕೂಗುವಂತಿಲ್ಲ ಎಂದಾಗ ಗಂಟಲಿನಲ್ಲಿ ಬೇರೆ ದನಿಯೇ ಇರಲಿಲ್ಲ. ಹತ್ತು ಕಿಲೋ ಸಿಲಿಂಡರನ್ನು ಎದೆಗೊತ್ತಿಕೊಂಡು ಮೂರು ಯಂತ್ರಗಳನ್ನು ದಾಟಿ, ತುದಿಗಾಲಿನಲ್ಲಿ, ಮಲಗಿದ ಮಗುವಿನ ಕೋಣೆಯಲ್ಲಿ ನಡೆಯುವವನ ಹಾಗೆ ನಡೆದ. ಬಿಳಿ ಹೆರೆ ಸುರುಳಿ ಸುರುಳಿಯಾಗಿ ತಟ್ಟೆಗೆ ಬೀಳುತ್ತಿತ್ತು. ಪ್ರತಿ ಸುರುಳಿಯನ್ನೂ ನೋಡಿದ. ಅವಳ ಕಣ್ಣಂಚಿಗೆ ಬರುವ ಹಾಗೆ ದೂರದಲ್ಲೇ ನಿಂತು ಕೈ ಎತ್ತಿದ. ಅವಳು ನೋಡಿದಳು. ಯಂತ್ರ ನಿಲ್ಲಿಸಿದಳು. ನಿಂತ ಮೇಲೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ನಾನೇನೂ ಮುಟ್ಟಿಲ್ಲ ಸಾರ್," ಎಂಬುದು ಅವಳ ಮೊದಲ ಮಾತು. ಆಮೇಲೆ ಅವನ ತೋಳಿನಲ್ಲಿದ್ದದ್ದನ್ನು ನೋಡಿ, "ಮುಟ್ಟಿದೀನಿ. ತಂತಿ ಕಟ್ಟಿದೀನಿ," ಅಂದಳು.

ಹತ್ತಿರ ಹೋಗಿ ನೋಡಿದ. ನೀರಿನ ಸಿಲಿಂಡರಿನ ಪಿನ್ನಿಗೆ ಉಕ್ಕಿನ ತಂತಿ ಸುತ್ತಿ, ಹಿಡಿಗೆ ಬಿಗಿದು, ಇಕ್ಕಳದಿಂದ ಹುರಿ ಮಾಡಿ ತಿರುಚಿತ್ತು. ಯಾವ ಭೀಮ ಬಂದರೂ ಕೀಳುವಂತಿರಲಿಲ್ಲ. ಕೆಳಗೆ ಮುಚ್ಚಳವಿದ್ದ ತಗಡಿನ ಡಬ್ಬಿ, ಅದರೊಳಗೆ ಒಣಗಿದ ಬೀಡು ಕಬ್ಬಿಣದ ಪುಡಿ, ಮೇಲೊಂದು ಉದ್ದ ಹಿಡಿಯ ಸಲಿಕೆ.

"ಶುಕ್ರವಾರ ನೀವು ಹೋದ್ಮೇಲೆ ಚೀಟಿ ಓದಿದೆ," ಅಂದಳು. "ನೀರು ಅಂತ ಇತ್ತು. ಮೇಸ್ತ್ರಿಗೆ ಹೇಳಿದ್ರೆ, ಆ ಮನುಷ್ಯನ ಹತ್ರ ನನ್ನ ಕೈಲಿ ಆಗಲ್ಲ, ಸೋಮವಾರ ನೋಡೋಣ ಅಂದ್ರು. ಇಳಿಸಿಬಿಡೋಣ ಅಂದ್ರೆ ಗೋಡೆ ಬರಿದು ಬಿಡ್ಬಾರ್ದು ಅಂತ ನೀವೇ ಹೇಳಿದ್ರಿ. ಯಾರಾದ್ರೂ ಓದದೆ ಎತ್ತಿಬಿಟ್ರೆ ಅಂತ ತಂತಿ ಸುತ್ತಿದೆ. ಹೆರೆ ಹತ್ಕೊಂಡ್ರೆ ಮೇಲೆ ಸುರಿಯೋಕೆ ಈ ಪುಡಿ, ನಮ್ಮ ಹಳೇ ಗುರುಗಳು ಹೇಳಿಕೊಟ್ಟಿದ್ದು."

"ನಂಗೆ ಯಾಕೆ ಫೋನ್ ಮಾಡ್ಲಿಲ್ಲ? ಚೀಟಿ ಮೇಲೆ ನಂಬರ್ ಇದೆಯಲ್ಲ?"

ದನಿ ಏರಿಬಿಟ್ಟಿತ್ತು. ಅವಳು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದಳು. ಕನ್ನಡಕವಿಲ್ಲದ ಮುಖ ಬಹಳ ದಣಿದಿತ್ತು.

"ಎಲ್ಲಾ ಒತ್ತಿದ್ದೆ ಸಾರ್. ಕೊನೇ ಅಂಕೆ ಒಂದು ಒತ್ತಲಿಲ್ಲ. ಬೈತೀರಿ ಅಂತ."

ಅವನು ತಂತಿ ಬಿಚ್ಚಲು ಹೋದ. ಬೆರಳಿಗೆ ಸಿಗಲಿಲ್ಲ. ತುದಿ ಚುಚ್ಚಿ ರಕ್ತ ಬಂತು. ಅವಳು ಬಿಡಿ ಎಂದು ಇಕ್ಕಳ ತಂದು, ಎಣಿಸಿ ಸುತ್ತಿದವಳ ಹಾಗೆ ಎಣಿಸಿ ಬಿಚ್ಚಿದಳು. ಅವನು ನೀರಿನದನ್ನು ಇಳಿಸಿದ, ಪುಡಿಯದನ್ನು ಸಿಕ್ಕಿಸಿದ. ಹಳೆಯ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಹೊಸದಕ್ಕೆ ಸಹಿ ಹಾಕಲು ಪೆನ್ನು ತೆಗೆದವನು ಹಾಕದೆ ನಿಂತ.

"ಓದಮ್ಮ," ಅಂದ.

ಅವಳು ಗೋಡೆಗೆ ಒತ್ತಿಕೊಂಡಳು.

"ಬೈಯಲ್ಲ. ಓದು. ಜೋರಾಗಿ ಓದು. ನಾನು ತಂದದ್ದು ಸರಿ ಇದೆಯಾ ನೋಡು."

ಅವಳು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಚೀಟಿಯ ಮೇಲೆ ಬೆರಳಿಟ್ಟು ಓದತೊಡಗಿದಳು. ಒಂದು ಪದ, ಆಮೇಲೆ ಇನ್ನೊಂದು ಪದ. ಮೊದಲ ಸಾಲು ಮುಗಿಯಲು ಬಹಳ ಹೊತ್ತಾಯಿತು. ಎರಡನೆಯ ಯಂತ್ರದವನು ತನ್ನ ಯಂತ್ರ ನಿಲ್ಲಿಸಿ ಇಣುಕಿದ, ನಗು ಬರಲಿದೆ ಎಂದು ಕಾದು ನಿಂತ. ಪೆನ್ನು ಹಿಡಿದು ನಿಂತಿದ್ದವನಿಗೆ ಈ ಕಾರ್ಖಾನೆ ಬಿಟ್ಟು ಇನ್ನೊಂದರ ಗೋಡೆ ಕಂಡಿತು, ಅದಾದ ಮೇಲೆ ಶಾಲೆಯೊಂದರ ಮೆಟ್ಟಿಲು, ಆಸ್ಪತ್ರೆಯ ಓಣಿ, ಔಷಧದ ಗೋದಾಮು. ಇಪ್ಪತ್ತಾರು ವರ್ಷದ ಕೊಕ್ಕೆಗಳು. ಎಲ್ಲ ಕಡೆ ಅಂಗಳದಲ್ಲಿ ನಿಂತು ಜನ ಒಂದೇ ದನಿಯಲ್ಲಿ ಹೇಳುತ್ತಿದ್ದರು. ಎತ್ತಿ, ಕೀಳಿ, ಒತ್ತಿ. ಅವರಲ್ಲಿ ಯಾರಾದರೂ ಏನಾದರೂ ಓದಿರಬಹುದು. ಓದಿ ಅವನಿಗೆ ಹೇಳಬೇಕೆಂದುಕೊಂಡು, ಕೊನೆಯ ಅಂಕೆ ಒತ್ತದೆ ಬಿಟ್ಟಿರಬಹುದು. ಜೇಬಿನಿಂದ ಫೋನು ತೆಗೆದು, ಬಂದು ಎತ್ತದೆ ಹೋದ ಕರೆಗಳು ಎಷ್ಟಿವೆ ಎಂದು ನೋಡಿದ. ಪರದೆಯ ಮೇಲೆ ರಕ್ತದ ಗುರುತು ಮೂಡಿತು. ಒರೆಸಿ ಮತ್ತೆ ನೋಡಿದ.

ಒಂದೂ ಇರಲಿಲ್ಲ. ಅವಳು ಮೂರನೆಯ ಸಾಲು ಓದುತ್ತಿದ್ದಳು.